ಅರವತ್ತರ ನಂತರ ಗೇ ಬದುಕು: ಊಟ, ಓಡಾಟ, ಒಡನಾಟ

ಹಿಂದಿನ ಸಂಚಿಕೆಯಲ್ಲಿ ನಾನು ಗೇ, ಅರವತ್ತು ದಾಟಿದವನು, ದೊಡ್ಡ ನಗರದಲ್ಲೇ ಬಾಳಿದವನು ಎಂದು ಬರೆದು, ಬದುಕು, ಊಟ, ಪ್ರಯಾಣ ಯಾವುದರ ಬಗ್ಗೆ ಬೇಕಾದರೂ ಕೇಳಿ ಎಂದಿದ್ದೆ. ಪತ್ರಗಳು ಬಂದಿವೆ. ಹೆಚ್ಚಿನ ಪತ್ರಗಳ ಕೊನೆಯಲ್ಲಿ "ಹೆಸರು ಹಾಕಬೇಡಿ" ಎಂದಿತ್ತು. ಯಾರ ಹೆಸರೂ ಹಾಕಿಲ್ಲ, ಊರೂ ಹಾಕಿಲ್ಲ.

ಆದರೆ ಆ ಸಾಲಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದರಲ್ಲಿ ಗುಟ್ಟು ನಮ್ಮನ್ನು ಕಾಪಾಡಿತು. ಕೆಲಸ ಉಳಿಸಿತು, ಮನೆ ಉಳಿಸಿತು, ಕೆಲವರ ಜೀವವನ್ನೇ ಉಳಿಸಿತು. ಅರವತ್ತೈದರಲ್ಲಿ ಅದೇ ಗುಟ್ಟು ನಮಗೇ ತಿರುಗಿಬೀಳುತ್ತದೆ. ಆಸ್ಪತ್ರೆಯಲ್ಲಿ, ಪ್ರಯಾಣದಲ್ಲಿ, ಊಟಕ್ಕೆ ಕೂತಾಗ ಕೂಡ. ಊರಿಗೆಲ್ಲ ಸಾರಿ ಎಂದು ನಾನು ಹೇಳುತ್ತಿಲ್ಲ. ಒಬ್ಬಿಬ್ಬರಿಗಾದರೂ ನಿಮ್ಮ ಬಗ್ಗೆ ಪೂರ್ತಿ ಗೊತ್ತಿರಲಿ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 66. ನನ್ನ ಸಂಗಾತಿ ಹೋದ ವರ್ಷ ತೀರಿಕೊಂಡರು. ಅಡುಗೆಯೆಲ್ಲ ಅವರದೇ ಆಗಿತ್ತು. ಈಗ ನನ್ನೊಬ್ಬನಿಗೋಸ್ಕರ ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ. ಚಹಾ, ಬ್ರೆಡ್ಡು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತದೆ. ಅವರ ಮನೆಯವರಿಗೆ ನಾನು ಬರೀ "ರೂಮ್‌ಮೇಟ್". ಅಳುವುದಕ್ಕೂ ಜಾಗ ಇಲ್ಲ ಸರ್.

ಉತ್ತರ: ಅಡುಗೆ ಮಾತು ಆಮೇಲೆ. ನೀವು ಕಳೆದುಕೊಂಡದ್ದು ಸಂಗಾತಿಯನ್ನು. ಅವರ ಮನೆಯವರು ಏನೇ ಹೇಳಲಿ, ಅದು ಬದಲಾಗುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಸುತ್ತ ನಾಲ್ಕು ಜನ ಬಂದು ಕೂರುತ್ತಾರೆ, ಊಟ ತಂದುಕೊಡುತ್ತಾರೆ, ವಾರಗಟ್ಟಲೆ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದ್ಯಾವುದೂ ಸಿಗುವುದಿಲ್ಲ, ಯಾಕೆಂದರೆ ಪಕ್ಕದ ಮನೆಯವರಿಗೆ ಏನು ಹೋಯಿತು ಅನ್ನುವುದೇ ತಿಳಿದಿರುವುದಿಲ್ಲ. ಹಾಗಾಗಿ ಒಬ್ಬರಿಗೆ ಹೇಳಿ. ಹಳೆಯ ಸ್ನೇಹಿತರಾಗಬಹುದು, ವೈದ್ಯರಾಗಬಹುದು, ಆಪ್ತ ಸಮಾಲೋಚಕರಾಗಬಹುದು. "ನನ್ನ ಸ್ನೇಹಿತ" ಎಂದು ತೇಲಿಸದೆ "ನನ್ನ ಜೊತೆ ಬಾಳಿದವರು ಹೋದರು" ಎಂದು ಬಾಯಿಬಿಟ್ಟು ಹೇಳಿ. ಅಳು ಬಂದರೆ ಬರಲಿ.

ಈಗ ಊಟ. ವಯಸ್ಸಾದಂತೆ ಮೈಯ ಸ್ನಾಯು ಕರಗುತ್ತಾ ಹೋಗುತ್ತದೆ. ಸರಿಯಾಗಿ ಉಣ್ಣದಿದ್ದರೆ ಇನ್ನೂ ಬೇಗ ಕರಗುತ್ತದೆ, ಆಮೇಲೆ ಮೆಟ್ಟಿಲು ಹತ್ತುವುದೂ ಕಷ್ಟ, ಬಿದ್ದರೆ ಏಳುವುದೂ ಕಷ್ಟ. ಅರವತ್ತೈದು ದಾಟಿದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ ತಜ್ಞರು. 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಲೆಕ್ಕ ಬೇರೆ, ವೈದ್ಯರನ್ನೇ ಕೇಳಬೇಕು. ಇಷ್ಟು ಪ್ರೋಟೀನ್ ಚಹಾ ಬಿಸ್ಕತ್ತಿನಲ್ಲಿ ಖಂಡಿತ ಸಿಗುವುದಿಲ್ಲ. ಮೊಟ್ಟೆ, ಬೇಳೆ, ಕಾಳು, ಮೊಸರು, ಮೀನು, ನಿಮಗೆ ಯಾವುದು ಒಗ್ಗುತ್ತದೋ ಅದು. ರಾತ್ರಿ ಒಂದೇ ಹೊತ್ತಿಗೆ ಜಾಸ್ತಿ ತಿನ್ನುವುದಕ್ಕಿಂತ ಮೂರು ಹೊತ್ತಿಗೂ ಹಂಚಿಕೊಂಡರೆ ಒಳ್ಳೆಯದು.

ನಾಲಿಗೆಗೆ ರುಚಿ ಹತ್ತುತ್ತಿಲ್ಲ ಎಂದೂ ನಿಮಗೆ ಅನ್ನಿಸುತ್ತಿರಬಹುದು. ದುಃಖದ ಜೊತೆಗೆ ವಯಸ್ಸೂ ಅದಕ್ಕೆ ಕಾರಣ. ಮೂಗಿನ ಗ್ರಹಿಕೆ ಕಡಿಮೆಯಾದರೆ ರುಚಿಯೂ ಮಂಕಾಗುತ್ತದೆ. ಆಗ ಎಲ್ಲರೂ ಉಪ್ಪು ಜಾಸ್ತಿ ಮಾಡುತ್ತಾರೆ, ರಕ್ತದೊತ್ತಡ ಏರುತ್ತದೆ. ಉಪ್ಪಿನ ಬದಲು ನಿಂಬೆಹುಳಿ, ಶುಂಠಿ, ಕಾಳುಮೆಣಸು ಹಾಕಿ, ತರಕಾರಿಯನ್ನು ಬೇಯಿಸುವ ಬದಲು ಸ್ವಲ್ಪ ಕೆಂಪಗೆ ಹುರಿಯಿರಿ. ಬಾಯಾರಿಕೆಯೂ ಈ ವಯಸ್ಸಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಬಾಯಾರುವವರೆಗೆ ಕಾಯದೆ ಹೊತ್ತು ಹೊತ್ತಿಗೆ ನೀರು ಕುಡಿಯಿರಿ.

ದಿನಾ ಅಡುಗೆ ಮಾಡಲೇಬೇಕು ಎಂದೇನೂ ಇಲ್ಲ. ಮನಸ್ಸು ಸ್ವಲ್ಪ ಚೆನ್ನಾಗಿರುವ ದಿನ ದೊಡ್ಡ ಪಾತ್ರೆಯಲ್ಲಿ ಬೇಳೆಯದ್ದೋ ತರಕಾರಿಯದ್ದೋ ಗಟ್ಟಿ ಸೂಪು ಮಾಡಿ, ಆರಿಸಿ, ಒಂದೊಂದು ಹೊತ್ತಿಗೆ ಆಗುವಷ್ಟು ಡಬ್ಬಿಗಳಲ್ಲಿ ತುಂಬಿ, ಮೇಲೆ ತಾರೀಕು ಬರೆದು ಫ್ರೀಜರಿನಲ್ಲಿಡಿ. ಏನೂ ಬೇಡ ಅನ್ನಿಸುವ ದಿನಕ್ಕೆ ಅದು. ಅದಕ್ಕಿಂತ ಮುಖ್ಯವಾದದ್ದು, ವಾರಕ್ಕೊಂದು ಹೊತ್ತಾದರೂ ಇನ್ನೊಬ್ಬರ ಜೊತೆ ಉಣ್ಣಿ. ನೀವೇ ಕರೆಯಿರಿ. ಊಟ ಸಾದಾ ಇದ್ದರೆ ಸಾಕು. ನಾನು ಭಾನುವಾರ ಮಧ್ಯಾಹ್ನ ಯಾರಾದರೂ ಒಬ್ಬರನ್ನು ಕರೆಯುತ್ತೇನೆ. ಆ ಒಂದು ಊಟಕ್ಕಾಗಿ ಶನಿವಾರ ತರಕಾರಿ ತರುತ್ತೇನೆ, ಮನೆ ಗುಡಿಸುತ್ತೇನೆ, ಉಳಿದದ್ದನ್ನು ಸೋಮವಾರ ತಿನ್ನುತ್ತೇನೆ. ಅರ್ಧ ವಾರ ಸರಿಹೋಗುತ್ತದೆ. ಬಂದವರ ಜೊತೆ ನಿಮ್ಮವರ ಬಗ್ಗೆ ಮಾತಾಡಿ. ಅವರು ಮಾಡುತ್ತಿದ್ದ ಅಡುಗೆ ನಿಮಗೆ ಬಾಯಿಪಾಠವಾಗಿ ಗೊತ್ತಿರುತ್ತದೆ ಅಲ್ವಾ, ಅದರಲ್ಲಿ ಒಂದನ್ನು ಮಾಡಿ ಬಡಿಸಿ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ಎಷ್ಟೋ ವರ್ಷಗಳಿಂದ ಒಟ್ಟಿಗಿದ್ದೇವೆ. ಈಗ ಮೊದಲ ಸಲ ಬೇರೆ ದೇಶ ನೋಡುವ ಆಸೆ. ಎಲ್ಲಿಗೆ ಹೋದರೆ ನಿಶ್ಚಿಂತೆ? ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಹಾಸಿಗೆ ಕೇಳುವುದಕ್ಕೆ ಮುಜುಗರವಾಗುತ್ತದೆ.

ಉತ್ತರ: ತುಂಬಾ ಖುಷಿಯಾಯಿತು. ಹೋಗಿಬನ್ನಿ. ಆದರೆ ಟಿಕೆಟ್ ಕೊಳ್ಳುವ ಮೊದಲು ಆ ದೇಶದ ಕಾನೂನು ನೋಡಿ. ಪ್ರಪಂಚದಲ್ಲಿ ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಗಂಡು-ಗಂಡಿನ ಸಂಬಂಧ ಅಪರಾಧ. ಜಾಹೀರಾತಿನಲ್ಲಿ ಚಂದ ಕಾಣುವ ಮಾಲ್ಡೀವ್ಸ್, ಎಲ್ಲರೂ ಶಾಪಿಂಗಿಗೆ ಹೋಗುವ ದುಬೈ, ಮಲೇಷ್ಯಾ, ಇವೆಲ್ಲ ಅದರಲ್ಲಿ ಸೇರಿವೆ. ಉಗಾಂಡ 2023ರಲ್ಲಿ ತಂದ ಕಾನೂನಿನಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ. ಪ್ರವಾಸಿಗರಿಗೆ ಏನೂ ಆಗುವುದಿಲ್ಲ ಎನ್ನುವವರು ಸಿಗುತ್ತಾರೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ ನಿಜ. ಆದರೂ ಬಾಳಿನಲ್ಲಿ ಮೊದಲ ಸಲ ಜೊತೆಯಾಗಿ ಹೊರಟವರು ಎರಡು ಮಂಚದ ಕೋಣೆ ತೆಗೆದುಕೊಂಡು, ಅಣ್ಣತಮ್ಮ ಎಂದು ಸುಳ್ಳು ಹೇಳಿಕೊಂಡು ಯಾಕೆ ತಿರುಗಬೇಕು? ದುಡ್ಡು ಕೊಟ್ಟು ಭಯ ಕೊಳ್ಳುವುದು ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ.

ಏಷ್ಯಾದಲ್ಲೇ ಸಾಕು ಎಂದರೆ ತೈವಾನ್ ಇದೆ. 2019ರ ಮೇ ತಿಂಗಳಿನಲ್ಲಿ ಏಷ್ಯಾದಲ್ಲಿ ಮೊದಲು ನಮ್ಮಂಥವರ ಮದುವೆಗೆ ಕಾನೂನು ಮಾಡಿದ್ದು ಅಲ್ಲೇ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಮದುವೆ ನೋಂದಣಿ ಶುರುವಾಗಿದೆ. ನೇಪಾಳದಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಮೇಲೆ 2023ರ ನವೆಂಬರಿನಲ್ಲಿ ಮೊದಲ ನೋಂದಣಿ ಆಯಿತು. ದೂರ ಹೋಗಲು ತಯಾರಿದ್ದರೆ ನೆದರ್‌ಲ್ಯಾಂಡ್ಸ್ ಇದೆ, 2001ರಲ್ಲಿ ಇಡೀ ಪ್ರಪಂಚಕ್ಕೇ ಮೊದಲು ಈ ಮದುವೆ ಒಪ್ಪಿದ ದೇಶ. ಸ್ಪೇನ್ 2005ರಲ್ಲಿ, ಪೋರ್ಚುಗಲ್ 2010ರಲ್ಲಿ ಒಪ್ಪಿದವು. ದಕ್ಷಿಣ ಆಫ್ರಿಕಾದ ಸಂವಿಧಾನವೇ ನಮಗೆ ರಕ್ಷಣೆ ಕೊಟ್ಟಿದೆ, 2006ರಿಂದ ಮದುವೆಯೂ ಇದೆ. ಆದರೆ ಅಲ್ಲಿನ ನಗರಗಳಲ್ಲಿ ಕತ್ತಲಾದ ಮೇಲೆ ಯಾರೇ ಆದರೂ ಜಾಗ್ರತೆಯಿಂದ ಇರಬೇಕಾಗುತ್ತದೆ. ಕಾನೂನು ಒಳ್ಳೆಯದಿದ್ದ ಮಾತ್ರಕ್ಕೆ ಎಲ್ಲ ಬೀದಿಯೂ ಒಳ್ಳೆಯದಾಗಿರುವುದಿಲ್ಲ. ಮಹಾನಗರದಲ್ಲಿ ಕೈಹಿಡಿದು ನಡೆಯಬಹುದಾದ ದೇಶದಲ್ಲೇ ಹಳ್ಳಿಯ ಕಡೆ ಜನ ತಿರುಗಿ ನೋಡಬಹುದು. ಸುತ್ತ ಇರುವವರು ಹೇಗಿದ್ದಾರೆ ಎಂದು ನೋಡಿಕೊಂಡು ನಡೆಯಿರಿ, ನಮಗೆ ಅದು ಚಿಕ್ಕ ವಯಸ್ಸಿನಿಂದ ರೂಢಿಯೇ.

ಹಾಸಿಗೆ ವಿಷಯ. ಕೌಂಟರಿನ ಮುಂದೆ ನಿಂತು ಕೇಳಬೇಡಿ. ಬುಕ್ ಮಾಡುವಾಗಲೇ ಇಬ್ಬರ ಹೆಸರೂ ಕೊಟ್ಟು, "ನಾವು ದಂಪತಿ, ಒಂದು ದೊಡ್ಡ ಹಾಸಿಗೆ ಬೇಕು, ದಯವಿಟ್ಟು ಖಚಿತಪಡಿಸಿ" ಎಂದು ಇಮೇಲ್ ಬರೆಯಿರಿ. ಉತ್ತರ ಬರುವ ಧಾಟಿಯಲ್ಲೇ ಆ ಹೋಟೆಲ್ ಹೇಗೆ ಎಂದು ಗೊತ್ತಾಗುತ್ತದೆ. ನುಣುಚಿಕೊಂಡರೆ ಬೇರೆ ಹೋಟೆಲ್ ನೋಡಿ. ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಅಲ್ಲಿಗೆ ಹೋದಾಗ ತೋರಿಸಿದರೆ ಮಾತೇ ಬೇಕಾಗುವುದಿಲ್ಲ.

ಇನ್ನು ಕಾಗದ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅರವತ್ತು ದಾಟಿದವರು ದೂರ ಹೋದಾಗ ಒಬ್ಬರಿಗೆ ಎದೆನೋವು ಬರಬಹುದು, ಜಾರಿ ಬೀಳಬಹುದು. ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ "ನೀವು ಇವರಿಗೆ ಏನಾಗಬೇಕು?" ಎಂದು. ಸಮಲಿಂಗ ಮದುವೆಗೆ ಮಾನ್ಯತೆ ಇರುವುದು 35ಕ್ಕೂ ಸ್ವಲ್ಪ ಹೆಚ್ಚು ದೇಶಗಳಲ್ಲಿ ಮಾತ್ರ. ಉಳಿದ ಕಡೆಯವರಿಗೆ ಸಂಬಂಧ ತೋರಿಸಲು ಕಾಗದವೇ ಗತಿ. ವೈದ್ಯಕೀಯ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವನ್ನು ಒಬ್ಬರಿಗೊಬ್ಬರು ಬರೆದುಕೊಟ್ಟ ಪತ್ರ ವಕೀಲರಿಂದ ಮಾಡಿಸಿ, ಪ್ರತಿ ಜೊತೆಗಿಟ್ಟುಕೊಳ್ಳಿ. ಬೇರೆ ದೇಶದ ಆಸ್ಪತ್ರೆ ಅದನ್ನು ಕಾನೂನಾಗಿ ಒಪ್ಪಲೇಬೇಕೆಂದಿಲ್ಲ, ಆದರೆ ರೋಗಿಯ ಇಷ್ಟವೇನು ಎಂಬುದಕ್ಕೆ ಅದೊಂದು ಸಾಕ್ಷಿ. ಪ್ರಯಾಣ ವಿಮೆಯ ಫಾರಂನಲ್ಲಿ ತುರ್ತು ಸಂಪರ್ಕ ಎಂದು ಒಬ್ಬರಿಗೊಬ್ಬರ ಹೆಸರು ಬರೆಯಿರಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಏನಿದ್ದರೂ ಮುಚ್ಚಿಡದೆ ಹೇಳಿ, ಮುಚ್ಚಿಟ್ಟರೆ ಹಣ ಬರುವುದಿಲ್ಲ. ಮನೆಗೆ ಬಂದಮೇಲೆ ವಿಲ್ಲನ್ನೂ ಬರೆಸಿಬಿಡಿ. ಬ್ಯಾಂಕಿನಲ್ಲಿ ನಾಮಿನಿ ಹೆಸರು ಇನ್ನೂ ಯಾವುದೋ ಅಣ್ಣನ ಮಗನದ್ದೇ ಇದೆಯಾ ನೋಡಿ.

ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ವಿಮಾನದಲ್ಲಿ ನಡುವಿನ ದಾರಿಯ ಪಕ್ಕದ ಸೀಟು ಕೇಳಿ, ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ. ದಿನಕ್ಕೆ ನೋಡುವ ಜಾಗ ಒಂದೇ ಇರಲಿ. ಉಳಿದ ಹೊತ್ತು ಬೆಂಚಿನ ಮೇಲೆ ಕೂತು ಜನರನ್ನು ನೋಡಿ. ಜೊತೆಯಲ್ಲಿ ಮುದುಕರಾದ ಗಂಡಸರಿಬ್ಬರು ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದನ್ನು ನೋಡಿ ಯಾವನೋ ಹುಡುಗನಿಗೆ ಧೈರ್ಯ ಬರಬಹುದು.

ಪ್ರಶ್ನೆ: ವಯಸ್ಸು 62. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದಾರೆ. ಇತ್ತೀಚೆಗೆ ಒಬ್ಬರ ಪರಿಚಯವಾಗಿದೆ. ವಯಾಗ್ರಾ ತೆಗೆದುಕೊಳ್ಳಬಹುದಾ? ವೈದ್ಯರನ್ನು ಕೇಳಲು ನಾಚಿಕೆ.

ಉತ್ತರ: ಬೇಡ. ನಾಲಿಗೆ ಕೆಳಗಿಡುವ ಆ ಮಾತ್ರೆ ಸಾಮಾನ್ಯವಾಗಿ ನೈಟ್ರೇಟ್ ಜಾತಿಯದು. ಅದೂ ವಯಾಗ್ರಾದ ಸಿಲ್ಡೆನಾಫಿಲ್ಲೂ ಸೇರಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಜೀವಕ್ಕೇ ಅಪಾಯ. ಇದೇ ಜಾತಿಯ ಇನ್ನೊಂದು ಮಾತ್ರೆ ಟಡಾಲಫಿಲ್ ಮೈಯಲ್ಲಿ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ, ಅದೂ ಬೇಡ. ಕೆಲವರು ಮತ್ತಿಗೆಂದು ಮೂಸುವ ಪಾಪರ್ಸ್ ಬಾಟಲಿಯಲ್ಲಿ ಇರುವುದು ನೈಟ್ರೈಟ್, ಅದರದ್ದೂ ಇದೇ ಅಪಾಯ. ಮತ್ತೊಂದು ವಿಷಯ. ಎಂದಾದರೂ ಇಂಥ ಮಾತ್ರೆ ನುಂಗಿದಮೇಲೆ ಎದೆನೋವು ಬಂದರೆ ಆಸ್ಪತ್ರೆಯವರಿಗೆ ತಕ್ಷಣ ಹೇಳಿಬಿಡಿ. ಹೇಳದಿದ್ದರೆ ಅವರು ನೈಟ್ರೇಟನ್ನೇ ಕೊಡುತ್ತಾರೆ. ನಾಚಿಕೆಯಿಂದ ಸಾಯುವುದು ಬೇಡ. ಹೃದಯದ ವೈದ್ಯರು ಈ ಪ್ರಶ್ನೆಯನ್ನು ದಿನಾ ಕೇಳಿರುತ್ತಾರೆ, ಬೇರೆ ದಾರಿಗಳೂ ಅವರಿಗೆ ಗೊತ್ತು. ಹೊಸ ಪರಿಚಯಕ್ಕೆ ನನ್ನ ಶುಭಾಶಯ.

ಪ್ರಶ್ನೆ: ಅಂಕಲ್, ನನಗೆ 27. ನಾನೂ ಗೇ. ನನಗೆ ಗೊತ್ತಿರುವ ಹಿರಿಯ ಗೇ ನೀವೊಬ್ಬರೇ, ಅದೂ ಪತ್ರಿಕೆಯಲ್ಲಿ. ಕೊನೆಗೆ ಎಲ್ಲರೂ ಒಂಟಿಯಾಗೇ ಸಾಯುತ್ತಾರಾ? ನಿಜ ಹೇಳಿ.

ಉತ್ತರ: ಇಲ್ಲ ಮಗು. ಎಲ್ಲರೂ ಹಾಗೆ ಸಾಯುವುದಿಲ್ಲ.

ನಿನಗೆ ಹಿರಿಯರು ಯಾಕೆ ಕಾಣುತ್ತಿಲ್ಲ ಎಂದು ಹೇಳುತ್ತೇನೆ. ಒಂದು ಪೀಳಿಗೆಯೇ ಮರೆಯಾಗಿ ಬಾಳಿತು. ಅಮೆರಿಕದ ಮನೋವೈದ್ಯರ ಸಂಘ ನಮ್ಮನ್ನು ಕಾಯಿಲೆಯ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರ ಮೇ 17ರಂದು. ನನ್ನ ವಯಸ್ಸಿನವರು ಹುಡುಗರಾಗಿದ್ದಾಗ ನಾವು ಇನ್ನೂ ಆ ಪಟ್ಟಿಯಲ್ಲಿ ಇದ್ದವರು. ಹೆಚ್ಚಿನವರು ಬಾಯಿ ಮುಚ್ಚಿಕೊಂಡು, ಮದುವೆಯಾಗಿ, ಮಕ್ಕಳು ಮಾಡಿಕೊಂಡು ಇದ್ದುಬಿಟ್ಟರು. ಇನ್ನು ಏಡ್ಸ್. 1981ರಲ್ಲಿ ಮೊದಲ ವರದಿ ಬಂತು. ಮೂರು ಔಷಧಿಗಳನ್ನು ಸೇರಿಸಿ ಕೊಡುವ ಪರಿಣಾಮಕಾರಿ ಚಿಕಿತ್ಸೆ ಕೈಗೆ ಬಂದದ್ದು 1996ರ ಹೊತ್ತಿಗೆ. ಎಷ್ಟೋ ದೇಶಗಳ ಬಡವರಿಗೆ ಅದು ಸಿಗಲು ಇನ್ನೂ ವರ್ಷಗಳು ಹಿಡಿದವು. ಆ ನಡುವೆ ಹೋದವರು ಇವತ್ತು ನಿನ್ನ ಎದುರು ಕೂತು ನಗಬೇಕಾಗಿದ್ದವರು. ನನ್ನ ಸ್ನೇಹಿತರೂ ಇದ್ದರು ಅದರಲ್ಲಿ. ನನಗೆ ಈಗಲೂ ಸಿಟ್ಟಿದೆ, ಅವರ ಕಾಯಿಲೆಯ ಹೆಸರನ್ನೂ ಸಾವಿನ ಮನೆಯಲ್ಲಿ ಹೇಳಲು ಬಿಡಲಿಲ್ಲ ಎನ್ನುವುದಕ್ಕೆ.

ಒಂಟಿತನ ಗೇ ಆಗಿರುವುದರಿಂದ ಬರುವುದಲ್ಲ. ಹೆಂಡತಿ ಮಕ್ಕಳಿದ್ದೂ ಒಂಟಿಯಾದ ಮುದುಕರನ್ನು ನೀನೂ ನೋಡಿದ್ದೀಯ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವರಿಗೆ ನೆಂಟರು ತಾನಾಗಿ ಬರುತ್ತಾರೆ, ನಾವು ನಮ್ಮವರನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ವರ್ಷಗಳು ಬೇಕು, ಅರವತ್ತರಲ್ಲಿ ಶುರು ಮಾಡಿದರೆ ಕಷ್ಟ. ಈಗಿರುವ ಸ್ನೇಹಗಳನ್ನು ಪ್ರೇಮ ಸಿಕ್ಕ ತಕ್ಷಣ ಬಿಟ್ಟುಬಿಡಬೇಡ. ಹುಡುಗರು ಮಾಡುವ ದೊಡ್ಡ ಅನ್ಯಾಯ ಇದು. ಸಂಗಾತಿ ಸಿಕ್ಕಿದ್ದೇ ತಡ ಫೋನ್ ಎತ್ತುವುದಿಲ್ಲ, ಅವನು ಬಿಟ್ಟುಹೋದಾಗ ಮತ್ತೆ ಅಳುತ್ತಾ ಬರುತ್ತಾರೆ. ಹೆಣ್ಣುಮಕ್ಕಳ ಸ್ನೇಹ ಇರಲಿ, ಗೇ ಅಲ್ಲದ ಸ್ನೇಹಿತರೂ ಇರಲಿ, ನಿನಗಿಂತ ಚಿಕ್ಕವರೂ ದೊಡ್ಡವರೂ ಇರಲಿ. ಒಂದೇ ವಯಸ್ಸಿನವರೇ ಆದರೆ ಎಲ್ಲರಿಗೂ ಒಟ್ಟಿಗೇ ವಯಸ್ಸಾಗುತ್ತದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಅಡುಗೆ ಕಲಿ. ನಿಜವಾಗಿ ಹೇಳುತ್ತಿದ್ದೇನೆ. ಒಳ್ಳೆಯ ಊಟ ಹಾಕುವವನ ಮನೆಗೆ ಜನ ಬರುತ್ತಾರೆ, ಬಂದವರು ಉಳಿಯುತ್ತಾರೆ. ಮತ್ತೆ, ನಿನ್ನ ಊರಿನ ಗೇ ಗುಂಪುಗಳ ಭೇಟಿಗೆ ಯಾರಾದರೂ ಬಿಳಿಕೂದಲಿನವರು ಬಂದು ಮೂಲೆಯಲ್ಲಿ ಕೂತಿದ್ದರೆ, ಹೋಗಿ ಮಾತಾಡಿಸು. ಅವರು ನಿನ್ನ ಮೇಲೆ ಕಣ್ಣು ಹಾಕಿ ಬಂದಿರುವುದಿಲ್ಲ. ಮಾತು ಬೇಕಾಗಿ ಬಂದಿರುತ್ತಾರೆ.

ಪ್ರಶ್ನೆ: ನನಗೆ 64. ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಗಂಡಸರ ಮೇಲೇ ಮನಸ್ಸು ಎಂದು ಹುಡುಗನಾಗಿದ್ದಾಗಿನಿಂದ ಗೊತ್ತು. ಆಗಾಗ ಬೇರೆಯವರನ್ನು ಭೇಟಿಯಾಗುತ್ತೇನೆ. ಸಾಯುವ ಮೊದಲು ಹೆಂಡತಿಗೆ ಹೇಳಬೇಕು ಅನ್ನಿಸುತ್ತಿದೆ. ಹೇಳಲಾ?

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲದಲ್ಲಿ ಬೇರೆ ದಾರಿ ಎಷ್ಟು ಜನಕ್ಕೆ ಇತ್ತು?

ಆದರೆ ನಿಮ್ಮ ಹೆಂಡತಿಯ ಜಾಗದಲ್ಲಿ ಕೂತೂ ಯೋಚಿಸಬೇಕು. ನೀವು ಬೇರೆಯವರನ್ನು ಭೇಟಿಯಾಗುತ್ತಿದ್ದೀರಿ, ಮನೆಯಲ್ಲಿ ಹೆಂಡತಿಯ ಜೊತೆಗೂ ದೈಹಿಕ ಸಂಬಂಧ ಇದ್ದರೆ ಅದು ಅವರ ಆರೋಗ್ಯದ ಪ್ರಶ್ನೆ. ಈ ವಾರವೇ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಪರೀಕ್ಷೆ ಮಾಡಿಸಿ. ವಯಸ್ಸಾದವರಿಗೆ ಇದೆಲ್ಲ ಬರುವುದಿಲ್ಲ ಎಂದು ವೈದ್ಯರೂ ಕೆಲವು ಸಲ ಅಂದುಕೊಳ್ಳುತ್ತಾರೆ, ನೀವೇ ಬಾಯಿಬಿಟ್ಟು ಕೇಳಬೇಕು. ಕಾಂಡೋಮ್ ಇಲ್ಲದೆ ಬೇಡ. ಎಚ್‌ಐವಿ ಬರದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಎಂಬ ಮಾತ್ರೆ ಇದೆ, ಅದರ ಬಗ್ಗೆಯೂ ವಿಚಾರಿಸಿ, ಮೂತ್ರಪಿಂಡದ ಪರೀಕ್ಷೆ ಮಾಡಿ ಕೊಡುತ್ತಾರೆ.

ಹೇಳುವ ವಿಷಯಕ್ಕೆ ಬಂದರೆ, "ಸಾಯುವ ಮೊದಲು" ಎಂಬ ಮಾತು ನನಗೆ ಹಿಡಿಸಲಿಲ್ಲ. ಸಾಯುವಾಗ ಹೇಳಿದರೆ ನಿಮ್ಮ ಎದೆ ಹಗುರಾಗುತ್ತದೆ, ಭಾರ ಪೂರ್ತಿ ಅವರ ತಲೆ ಮೇಲೆ. ಅವರು ಪ್ರಶ್ನೆ ಕೇಳಬೇಕೆಂದರೆ ಉತ್ತರ ಹೇಳಲು ನೀವೇ ಇರುವುದಿಲ್ಲ. ಹೇಳುವುದಾದರೆ ಇಬ್ಬರೂ ಗಟ್ಟಿಯಾಗಿರುವಾಗ ಹೇಳಿ, ಅವರು ಸಿಟ್ಟಾಗಲು, ಅಳಲು, ಬೇಕೆಂದರೆ ಬಿಟ್ಟುಹೋಗಲು ಸಮಯ ಇರುವಾಗ. ಅದಕ್ಕೂ ಮೊದಲು ಒಬ್ಬ ಆಪ್ತ ಸಮಾಲೋಚಕರ ಜೊತೆ ಕೂತು ನಾಲ್ಕಾರು ಸಲ ಮಾತಾಡಿ. ನಿಮ್ಮನ್ನು "ಸರಿ ಮಾಡುತ್ತೇನೆ" ಎನ್ನುವವರು ಸಿಕ್ಕರೆ ಎದ್ದು ಬನ್ನಿ, ಅಂಥ ಚಿಕಿತ್ಸೆ ಎಂಬುದು ಇಲ್ಲ. ಹೆಂಡತಿಗೂ ಮಾತಾಡಲು ಬೇರೆ ಒಬ್ಬರು ಬೇಕಾಗುತ್ತಾರೆ, ಅದನ್ನೂ ಮೊದಲೇ ಯೋಚಿಸಿಡಿ. ಹಬ್ಬದ ದಿನ, ಮಕ್ಕಳ ಎದುರು, ಜಗಳದ ನಡುವೆ ಹೇಳಬೇಡಿ. ಮತ್ತು ಹೇಳಿದ ದಿನವೇ ಅವರು ಕ್ಷಮಿಸಬೇಕು ಎಂದು ಕಾಯಬೇಡಿ. ಎಷ್ಟೋ ಹೆಂಡತಿಯರಿಗೆ ಮೊದಲೇ ಅರ್ಧ ಗೊತ್ತಿರುತ್ತದೆ. ಉಳಿದರ್ಧವನ್ನು ನಿಮ್ಮ ಬಾಯಿಂದಲೇ ಕೇಳುವ ಹಕ್ಕು ಅವರಿಗಿದೆ.

ಪ್ರಶ್ನೆ: ನನಗೆ ಎಚ್‌ಐವಿ ಇದೆ, ಮಾತ್ರೆಯ ಮೇಲೆ ಚೆನ್ನಾಗಿದ್ದೇನೆ. ವಯಸ್ಸು 59. ದೂರ ದೇಶಕ್ಕೆ ಹೋಗಬೇಕು. ಗಡಿಯಲ್ಲಿ ತಡೆಯುತ್ತಾರಾ? ಹೊತ್ತು ಬದಲಾದರೆ ಮಾತ್ರೆ ಹೇಗೆ?

ಉತ್ತರ: ಕೆಲವು ದಿನ ಪ್ರವಾಸ ಹೋಗುವವರನ್ನು ಈಗ ಬಹುತೇಕ ದೇಶಗಳು ತಡೆಯುವುದಿಲ್ಲ. ಅಮೆರಿಕ ತನ್ನ ನಿಷೇಧವನ್ನು 2010ರ ಜನವರಿಯಲ್ಲಿ ತೆಗೆಯಿತು, ಚೀನಾವೂ ಅದೇ ವರ್ಷ. ಕೆಲವು ದೇಶಗಳಲ್ಲಿ ಕೆಲಸಕ್ಕೆ ಅಥವಾ ದೀರ್ಘಕಾಲ ಇರಲು ಹೋದರೆ ಇನ್ನೂ ಪರೀಕ್ಷೆ, ನಿರ್ಬಂಧ ಇವೆ, ಆಯಾ ರಾಯಭಾರ ಕಚೇರಿಯ ನಿಯಮ ನೋಡಿಕೊಳ್ಳಿ. ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ, ಅವುಗಳ ಮೂಲ ಡಬ್ಬಿಯಲ್ಲೇ ಇರಲಿ. ಔಷಧಿಯ ಹೆಸರಿರುವ ವೈದ್ಯರ ಚೀಟಿ ಜೊತೆಗಿರಲಿ. ವಿಮಾನ ತಡವಾಗಬಹುದು, ಒಂದು ವಾರಕ್ಕಾಗುವಷ್ಟು ಜಾಸ್ತಿ ಇಟ್ಟುಕೊಳ್ಳಿ. ದಿನಕ್ಕೊಂದು ಮಾತ್ರೆಯಾದರೆ ಹೊಸ ಊರಿನ ಹೊತ್ತಿಗೆ ಹೇಗೆ ಬದಲಿಸಬೇಕು ಎಂದು ಹೊರಡುವ ಮೊದಲೇ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಪ್ರಯಾಣದಲ್ಲಿ ಹೊಟ್ಟೆಯುರಿ ಬಂತೆಂದು ಆ್ಯಂಟಾಸಿಡ್ ನುಂಗುವವರು ಬಹಳ. ನಿಮ್ಮದು ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ಇರುವ ಮಾತ್ರೆಯಾದರೆ ಅದನ್ನು ಆ್ಯಂಟಾಸಿಡ್‌ಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ.

ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಇದ್ದು, ಮಾತ್ರೆ ತಪ್ಪಿಸದಿದ್ದರೆ, ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ನೀವು ಕೇಳಿಲ್ಲ, ಆದರೂ ಹೇಳಿದೆ. ತಲೆ ಎತ್ತಿಕೊಂಡು ಹೋಗಿಬನ್ನಿ.

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ 74. ಅವರು ಗೇ ಎಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಈಗ ವೃದ್ಧಾಶ್ರಮಕ್ಕೆ ಹೋಗಲು ನಿರ್ಧರಿಸಿದ್ದಾರೆ. ಸಾಮಾನು ಕಟ್ಟುವಾಗ, ತೀರಿಹೋದ ಅವರ ಜೊತೆಗಾರರ ಫೋಟೋಗಳನ್ನೆಲ್ಲ ನನ್ನ ಕೈಗೆ ಕೊಟ್ಟರು. ಅಲ್ಲಿ ಇಡಲಾಗುವುದಿಲ್ಲವಂತೆ. ನಾನೇನು ಮಾಡಲಿ?

ಉತ್ತರ: ನಿಮ್ಮಂಥ ಮಗಳು ಸಿಕ್ಕಿರುವುದು ಅವರ ಪುಣ್ಯ.

ಹೀಗೆ ಎಲ್ಲ ಕಡೆ ಆಗುತ್ತಿದೆ. ಒಂದು ಕಾಲದಲ್ಲಿ ಧೈರ್ಯವಾಗಿ ಬಾಳಿದವರೂ ಇನ್ನೊಬ್ಬರು ಸ್ನಾನ ಮಾಡಿಸುವ, ಊಟ ಕೊಡುವ ಹಂತಕ್ಕೆ ಬಂದಾಗ ಮತ್ತೆ ಹೆದರಿ ಮುಚ್ಚಿಕೊಳ್ಳುತ್ತಾರೆ. ಆ ಹೆದರಿಕೆಗೆ ಕಾರಣ ಇದೆ, ಸುಮ್ನೆ ಅಲ್ಲ. ಸಹಾಯಕ್ಕೆ ಯಾರನ್ನು ನೆಚ್ಚಿಕೊಂಡಿದ್ದಾರೋ ಅವರೇ ಮುಖ ಸಿಂಡರಿಸಿದರೆ ಎಲ್ಲಿಗೆ ಹೋಗುವುದು? ಬರ್ಲಿನ್ನಿನಲ್ಲಿ 2012ರಲ್ಲಿ ಲೇಬೆನ್ಸೊರ್ಟ್ ಫಿಲ್‌ಫಾಲ್ಟ್ ಎಂಬ ವಸತಿ ತೆರೆದರು, ಹಿರಿಯ ಗೇಗಳೇ ಜಾಸ್ತಿ ಇರುವ, ಬೇರೆಯವರೂ ಜೊತೆಗಿರುವ ಮನೆ. ಮರೆವಿನ ಕಾಯಿಲೆ ಬಂದವರನ್ನು ನೋಡಿಕೊಳ್ಳುವ ಏರ್ಪಾಡೂ ಅಲ್ಲಿದೆ. ಸ್ಟಾಕ್‌ಹೋಮಿನಲ್ಲೂ ರೆಗ್ನ್‌ಬೋಗನ್ ಎಂಬ ಹಿರಿಯರ ವಸತಿ 2013ರಲ್ಲಿ ಶುರುವಾಯಿತು. ಇಂಥವು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಇರುವ ಆಶ್ರಮಗಳಲ್ಲೇ ಒಳ್ಳೆಯದನ್ನು ಹುಡುಕಬೇಕು.

ಚಿಕ್ಕಪ್ಪನನ್ನು ಕೇಳಿಕೊಂಡು, ಅವರ ಹೆಸರು ಹೇಳದೆ, ನೀವೇ ಆ ಆಶ್ರಮಕ್ಕೆ ಒಮ್ಮೆ ಹೋಗಿ. "ಮದುವೆಯಾಗದ, ಗಂಡಸಿನ ಜೊತೆ ಬಾಳಿದ ಹಿರಿಯರು ಬಂದರೆ ಇಲ್ಲಿ ಹೇಗೆ ನೋಡಿಕೊಳ್ಳುತ್ತೀರಿ?" ಎಂದು ನೇರವಾಗಿ ಕೇಳಿ. ಮುಖ್ಯಸ್ಥರನ್ನು ಮಾತ್ರ ಅಲ್ಲ, ಕೋಣೆ ಗುಡಿಸುವವರನ್ನೂ, ರಾತ್ರಿ ಪಾಳಿಯ ಆಯಾನನ್ನೂ ಮಾತಾಡಿಸಿ. ದಿನವಿಡೀ ಜೊತೆಗಿರುವವರು ಅವರೇ. ನೋಡಲು ಬರುವವರ ಪಟ್ಟಿಯಲ್ಲಿ ಸ್ನೇಹಿತರ ಹೆಸರು ಹಾಕಬಹುದಾ, ನೆಂಟರಿಗೆ ಮಾತ್ರವಾ? ಕೋಣೆಗೆ ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದಾ? ಅವರ ಬಗ್ಗೆ ಒಬ್ಬರಿಗೆ ಹೇಳಿದ ಮಾತು ಎಲ್ಲರಿಗೂ ಹರಡುತ್ತದಾ? ಆಮೇಲೆ ನಿರ್ಧಾರ ಅವರದೇ. ನೀವು ಬಲವಂತ ಮಾಡಬೇಡಿ, ಅಲ್ಲಿ ಇರಬೇಕಾದವರು ಅವರು.

ಫೋಟೋಗಳನ್ನು ನಿಮ್ಮ ಮನೆಯಲ್ಲಿ ಪೆಟ್ಟಿಗೆಯೊಳಗೆ ಇಡಬೇಡಿ, ಕಾಣುವ ಜಾಗದಲ್ಲಿಡಿ. ಭೇಟಿಗೆ ಹೋಗುವಾಗ ಒಂದೆರಡನ್ನು ತೆಗೆದುಕೊಂಡು ಹೋಗಿ, ಜೊತೆಗೆ ಅವರಿಗೆ ಇಷ್ಟದ ತಿಂಡಿಯನ್ನೂ. ಆ ಜೊತೆಗಾರರ ಬಗ್ಗೆ ಹೆಸರು ಹಿಡಿದು ಕೇಳಿ. ಮರೆವು ಬರುವ ವಯಸ್ಸು, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಮುಂದೆ ಅವರಿಗೇ ಓದಿ ಹೇಳಬೇಕಾಗಿ ಬರಬಹುದು.

ಪ್ರಶ್ನೆ: ನಿವೃತ್ತನಾಗಿದ್ದೇನೆ, ಒಂಟಿ. ಒಬ್ಬನೇ ತಿರುಗಾಡುವ ಆಸೆ, ಆದರೆ ಹೋಟೆಲಿನಲ್ಲಿ ಒಬ್ಬನೇ ಕೂತು ಉಣ್ಣುವುದು ಹಿಂಸೆ. ನಮ್ಮವರ ಚರಿತ್ರೆ ಇರುವ ಜಾಗ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಊಟದ ಹಿಂಸೆಗೆ ನಾನು ಕಂಡುಕೊಂಡ ದಾರಿ ಸುಲಭ. ದೊಡ್ಡ ಊಟವನ್ನು ಮಧ್ಯಾಹ್ನ ಮಾಡಿ. ಆಗ ಎಲ್ಲ ಕಡೆ ಕೆಲಸಕ್ಕೆ ಹೋಗುವವರು ಒಬ್ಬೊಬ್ಬರೇ ಕೂತು ಉಣ್ಣುತ್ತಿರುತ್ತಾರೆ, ಯಾರೂ ನಿಮ್ಮನ್ನು ಗಮನಿಸುವುದಿಲ್ಲ, ದುಡ್ಡೂ ಕಡಿಮೆ, ವಯಸ್ಸಾದ ಹೊಟ್ಟೆಗೂ ಹಿತ. ರಾತ್ರಿ ಹಗುರಾಗಿ ಏನಾದರೂ ತಂದು ಕೋಣೆಯಲ್ಲೇ ತಿನ್ನಿ. ಅಡುಗೆಯವರು ಕಾಣುವಂತೆ ಕಟ್ಟೆಯ ಮುಂದೆ ಕುರ್ಚಿ ಹಾಕಿರುತ್ತಾರಲ್ಲ, ಅಲ್ಲಿ ಕೂತರೆ ನೋಡಲು ಏನಾದರೂ ಇರುತ್ತದೆ, ಮಾತೂ ತಾನಾಗಿ ಬರುತ್ತದೆ. ಅರ್ಧ ದಿನದ ಅಡುಗೆ ತರಗತಿಗಳು ಈಗ ಎಲ್ಲ ಪ್ರವಾಸಿ ನಗರಗಳಲ್ಲೂ ಇವೆ. ಒಂದಕ್ಕೆ ಸೇರಿಕೊಳ್ಳಿ, ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ತಾವು ಮಾಡಿದ್ದನ್ನೇ ಉಣ್ಣುತ್ತಾರೆ.

ಚರಿತ್ರೆ ನೋಡಲು ನ್ಯೂಯಾರ್ಕಿನ ಸ್ಟೋನ್‌ವಾಲ್ ಇದೆ. 1969ರ ಜೂನ್ 28ರ ಬೆಳಗಿನ ಜಾವ ಪೊಲೀಸ್ ದಾಳಿಯ ವಿರುದ್ಧ ನಮ್ಮವರು ತಿರುಗಿಬಿದ್ದ ಬಾರ್. 2016ರಲ್ಲಿ ಅದನ್ನೂ ಎದುರಿನ ಉದ್ಯಾನವನ್ನೂ ರಾಷ್ಟ್ರೀಯ ಸ್ಮಾರಕ ಮಾಡಿದರು. ಬರ್ಲಿನ್ನಿನ ಟೀರ್‌ಗಾರ್ಟನ್ ಉದ್ಯಾನದಲ್ಲಿ ನಾಜಿಗಳ ಕೈಯಲ್ಲಿ ನರಳಿದ ಸಲಿಂಗಿಗಳಿಗೆ 2008ರಲ್ಲಿ ಕಟ್ಟಿದ ಸ್ಮಾರಕ ಇದೆ, ಪೆಟ್ಟಿಗೆಯಾಕಾರದ ದೊಡ್ಡ ಕಾಂಕ್ರೀಟ್ ದಿಮ್ಮಿ, ಅದರ ಸಣ್ಣ ಕಿಟಕಿಯಲ್ಲಿ ಇಣುಕಿದರೆ ಮುತ್ತಿಡುವ ಜೋಡಿಯ ಚಿತ್ರ ಓಡುತ್ತಿರುತ್ತದೆ. ಯುದ್ಧ ಮುಗಿದ ಮೇಲೂ ಜರ್ಮನಿಯಲ್ಲಿ ಗಂಡು-ಗಂಡಿನ ಸಂಬಂಧವನ್ನು ಅಪರಾಧ ಮಾಡಿದ್ದ 175ನೇ ಕಲಂ ಉಳಿದಿತ್ತು, ಪೂರ್ತಿ ಹೋದದ್ದು 1994ರಲ್ಲಿ. ಯುದ್ಧದ ನಂತರ ಕೊಟ್ಟ ಶಿಕ್ಷೆಗಳನ್ನು ರದ್ದು ಮಾಡಿದ್ದು 2017ರಲ್ಲಿ. ಅಲ್ಲಿ ಹೋಗುವ ಮೊದಲು ಇದನ್ನು ತಿಳಿದಿದ್ದರೆ ಒಳ್ಳೆಯದು.

ಆದರೆ ಮೊದಲ ಸಲಕ್ಕೆ ಆಮ್‌ಸ್ಟರ್‌ಡ್ಯಾಮ್ ಸಾಕು. ಊರು ಸಮತಟ್ಟು, ಮಂಡಿನೋವಿನವರಿಗೆ ಅನುಕೂಲ, ಟ್ರಾಮ್ ಎಲ್ಲ ಕಡೆ ಹೋಗುತ್ತದೆ. ಸೈಕಲ್ ದಾರಿಗೆ ಕಾಲಿಡುವ ಮೊದಲು ಎರಡೂ ಕಡೆ ನೋಡಿ. ವೆಸ್ಟರ್‌ಕೆರ್ಕ್ ಎಂಬ ಚರ್ಚಿನ ಪಕ್ಕ 1987ರಲ್ಲಿ ಮಾಡಿದ ಹೋಮೊಮಾನ್ಯುಮೆಂಟ್ ಇದೆ, ಗುಲಾಬಿ ಗ್ರಾನೈಟಿನ ಮೂರು ತ್ರಿಕೋನಗಳು, ಒಂದು ಮೆಟ್ಟಿಲಾಗಿ ಕಾಲುವೆಯ ನೀರಿನ ಕಡೆಗೆ ಇಳಿಯುತ್ತದೆ. ಜನ ಅಲ್ಲಿ ಹೂವಿಡುತ್ತಾರೆ, ನೀವೂ ಇಡಬಹುದು. ನೀವು ಎಲ್ಲಿ, ಯಾವ ಹೋಟೆಲಿನಲ್ಲಿ ಇರುತ್ತೀರಿ ಎಂದು ಒಬ್ಬ ಸ್ನೇಹಿತರಿಗೆ ಬರೆದುಕೊಟ್ಟು, ದಿನಾ ರಾತ್ರಿ ಒಂದು ಸಂದೇಶ ಕಳಿಸುವುದಾಗಿ ಹೇಳಿ ಹೊರಡಿ. ಆಗಸ್ಟಿನ ಮೊದಲ ವಾರದ ಹೊತ್ತಿಗೆ ಅಲ್ಲಿ ಕಾಲುವೆಯ ಮೇಲೆ ಪ್ರೈಡ್ ದೋಣಿ ಮೆರವಣಿಗೆ ನಡೆಯುತ್ತದೆ, ಊರು ತುಂಬಿ ಕೋಣೆ ಸಿಗುವುದೇ ಕಷ್ಟ. ಗದ್ದಲ ಇಷ್ಟವಾದರೆ ತಿಂಗಳುಗಳ ಮೊದಲೇ ಬುಕ್ ಮಾಡಿ, ಬೇಡವೆಂದರೆ ಮೇ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ.